ಪರದೆಯ ಮೇಲಿದ್ದ ಗೆರೆ ಪಿಡಿಎಫ್‌ನಲ್ಲಿ ಏಕೆ ಬದಲಾಗುತ್ತದೆ?

ತಿಪಟೂರಿನ ಕೊಬ್ಬರಿ ಮಂಡಿಯ ಪಟ್ಟಿಯಾಗಲಿ, ತುಮಕೂರಿನ ಬಟವಾಡಿಯ ಸಗಟು ಅಂಗಡಿಯ ಬಿಲ್ಲಾಗಲಿ, ವಸಂತನರಸಾಪುರದ ಕಾರ್ಖಾನೆಯ ಸಂಬಳದ ಚೀಟಿಯಾಗಲಿ, ಕಂಪ್ಯೂಟರಿನಲ್ಲಿ ತಯಾರಾಗುವಾಗ ಅನೇಕ ಸಲ ಒಂದೇ ದಾರಿ ಹಿಡಿಯುತ್ತದೆ. ಲೆಕ್ಕದ ತಂತ್ರಾಂಶವು ಮೊದಲು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪುಟವನ್ನು ಕಟ್ಟುತ್ತದೆ. ಪರಿವರ್ತಕವೆಂಬ ಇನ್ನೊಂದು ತಂತ್ರಾಂಶ ಅದನ್ನು ಪಿಡಿಎಫ್ ಕಡತವಾಗಿ ಮಾಡುತ್ತದೆ. ಆ ಕಡತ ವಾಟ್ಸ್ಆ್ಯಪ್ ಮೂಲಕ ರೈತನ ಅಥವಾ ಗಿರಾಕಿಯ ಫೋನಿಗೆ ಹೋಗುತ್ತದೆ. ಬಿಲ್ ಪುಸ್ತಕವನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುತ್ತಿದ್ದ ಕಾಲದಲ್ಲಿ ಗೆರೆಗಳ ಹೊಣೆ ಮುದ್ರಕನದಾಗಿತ್ತು. ಈಗ ಅದು, ಎಚ್‌ಟಿಎಂಎಲ್ ಅಷ್ಟಿಷ್ಟು ಕಲಿತು ಅಂಗಡಿಗೊಂದು ನಮೂನೆ ಮಾಡಿಕೊಟ್ಟ ಮನೆಯ ಮಗಳದೋ ಮಗನದೋ ಆಗಿದೆ.

ಗೆರೆ ಸಣ್ಣ ವಿಷಯವೆಂದು ತೋರಬಹುದು. ಆದರೆ ಚೀಲಗಳ ಸಂಖ್ಯೆ, ತೂಕ, ದರ, ಮೊಬಲಗು ಎಂದು ಸಾಲಾಗಿ ಬರೆದ ಪಟ್ಟಿಯಲ್ಲಿ ಬಾಬುಗಳನ್ನೂ ಮೊತ್ತವನ್ನೂ ಬೇರ್ಪಡಿಸುವುದು ಅಡ್ಡ ಎಳೆದ ಆ ಒಂದು ಗೆರೆ ಮಾತ್ರ. ಅದು ಬೀಳದಿದ್ದರೆ ಮೊತ್ತವೂ ಇನ್ನೊಂದು ಬಾಬಿನಂತೆ ಕಾಣುತ್ತದೆ. ಪರದೆಯ ಮೇಲೆ ಸ್ಪಷ್ಟವಾಗಿದ್ದ ಗೆರೆ ಪಿಡಿಎಫ್‌ನಲ್ಲಿ ಮಾಯವಾಗುವುದು, ಇಬ್ಭಾಗವಾಗುವುದು, ಒಂದು ದಪ್ಪ ಇನ್ನೊಂದು ತೆಳುವಾಗುವುದು ಪದೇ ಪದೇ ಎದುರಾಗುವ ತೊಂದರೆಗಳು. ಇವುಗಳಿಗೆ ಕಾರಣಗಳು ನಿಶ್ಚಿತವಾಗಿವೆ, ಮತ್ತು ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಅವನ್ನು ಅರ್ಥಮಾಡಿಕೊಳ್ಳಬಹುದು.

ಎರಡು ಕಡತ, ಎರಡು ಸ್ವಭಾವ

ಎಚ್‌ಟಿಎಂಎಲ್ ಎಂಬುದು ಪುಟದಲ್ಲಿ ಏನೇನಿದೆ ಎಂದು ಹೇಳುವ ಭಾಷೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೋಷ್ಟಕ ಎಂದು ಟ್ಯಾಗ್ ಎಂಬ ಗುರುತುಗಳಿಂದ ಸೂಚಿಸುವುದು ಅದರ ಕೆಲಸ. ಬಣ್ಣ, ಅಳತೆ, ಅಂಚು ಇತ್ಯಾದಿ ಅಲಂಕಾರವನ್ನು ನಿರ್ಧರಿಸುವುದು ಅದರ ಜೊತೆಗಿರುವ ಸಿಎಸ್ಎಸ್ ಎಂಬ ಇನ್ನೊಂದು ಭಾಷೆ. ಇವೆರಡರಲ್ಲೂ ಗೆರೆಯೊಂದು ಕಾಗದದ ಯಾವ ಜಾಗದಲ್ಲಿ ಬೀಳಬೇಕೆಂಬುದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಪರದೆಯ ಅಗಲ, ಅಕ್ಷರದ ಗಾತ್ರ, ಮೇಲಿನ ಸಾಲುಗಳ ಉದ್ದ ಇವನ್ನೆಲ್ಲ ಲೆಕ್ಕ ಹಾಕಿ ಬ್ರೌಸರ್ ಜಾಗ ಗೊತ್ತುಮಾಡುತ್ತದೆ.

ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಪಿಡಿಎಫ್ ಇದಕ್ಕೆ ನೇರ ವಿರುದ್ಧ. 2008ರಲ್ಲಿ ಐಎಸ್ಒ 32000 ಎಂಬ ಅಂತಾರಾಷ್ಟ್ರೀಯ ಮಾನಕವಾದ ಈ ಸ್ವರೂಪದಲ್ಲಿ ಪುಟವೆಂದರೆ ಅಳತೆ ಗೊತ್ತಿರುವ ಒಂದು ಹಾಳೆ. ಅದರ ಮೂಲಮಾನ ಪಾಯಿಂಟ್, ಅಂದರೆ ಒಂದು ಇಂಚಿನ 72ನೇ ಒಂದು ಭಾಗ. ಎ4 ಹಾಳೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ ಇರುತ್ತದೆ, ಮತ್ತು ಲೆಕ್ಕ ಎಡಭಾಗದ ಕೆಳಮೂಲೆಯಿಂದ ಶುರುವಾಗುತ್ತದೆ. ಪಿಡಿಎಫ್‌ನೊಳಗೆ ‘ಕೋಷ್ಟಕದ ಕೊನೆಯ ಗೆರೆ’ ಎಂಬ ಮಾತು ಚಿತ್ರಣದ ಆಜ್ಞೆಗಳಲ್ಲಿ ಎಲ್ಲೂ ಬರುವುದಿಲ್ಲ. ಎಡದಿಂದ 57 ಪಾಯಿಂಟ್, ಕೆಳಗಿನಿಂದ 300 ಪಾಯಿಂಟ್ ಇರುವಲ್ಲಿ ಆರಂಭಿಸು, 538ರವರೆಗೆ ಎಳೆ, ದಪ್ಪ 0.75 ಪಾಯಿಂಟ್ ಎಂಬಷ್ಟೇ ಇರುತ್ತದೆ. ಕೆಲವು ಪರಿವರ್ತಕಗಳು ಗೆರೆ ಎಳೆಯುವ ಬದಲು ಅಷ್ಟೇ ತೆಳುವಾದ ಆಯತವನ್ನು ಬರೆದು ಒಳಗೆ ಬಣ್ಣ ತುಂಬುತ್ತವೆ. ಸೂಚನೆಯ ಭಾಷೆಯಿಂದ ಅಳತೆಯ ಭಾಷೆಗೆ ಹೋಗುವ ಈ ನಡುದಾರಿಯಲ್ಲೇ ಗೆರೆಯ ತೊಂದರೆಗಳು ಹುಟ್ಟುತ್ತವೆ.

ಎಚ್ಆರ್ ಟ್ಯಾಗಿನೊಳಗೆ ಗೆರೆ ಇಲ್ಲ, ಪೆಟ್ಟಿಗೆ ಇದೆ

ಅಡ್ಡಗೆರೆ ಎಂದೊಡನೆ ಎಚ್‌ಟಿಎಂಎಲ್ ಕಲಿತವರಿಗೆ ಹೊಳೆಯುವುದು ಎಚ್ಆರ್ ಎಂಬ ಟ್ಯಾಗ್. 1995ರ ಎಚ್‌ಟಿಎಂಎಲ್ 2.0ರಲ್ಲೇ ಅದು ಇತ್ತು. 1997ರ 3.2ನೇ ಆವೃತ್ತಿಯಲ್ಲಿ ಗೆರೆಯ ದಪ್ಪ, ಅಗಲ, ಎಡ-ಬಲ ಜೋಡಣೆ, ನೆರಳು ಬೇಡವೆಂಬ ಸೂಚನೆ ಇವನ್ನು ಟ್ಯಾಗಿನೊಳಗೇ ಬರೆಯುವ ಅವಕಾಶವಿತ್ತು. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5 ಆ ಸೂಚನೆಗಳನ್ನು ಬಳಕೆಯಿಂದ ಕೈಬಿಟ್ಟು, ಎಚ್ಆರ್ ಎಂದರೆ ಒಂದು ವಿಷಯ ಮುಗಿದು ಇನ್ನೊಂದು ಆರಂಭವಾಗುವ ಜಾಗ ಎಂದು ಅರ್ಥವನ್ನೇ ತಿದ್ದಿತು. ಹಾಗಾಗಿ ಅದು ಹೇಗೆ ಕಾಣಬೇಕೆಂಬುದು ಈಗ ಸಿಎಸ್ಎಸ್‌ಗೆ ಬಿಟ್ಟ ವಿಷಯ.

ಸಿಎಸ್ಎಸ್‌ನಲ್ಲಿ ಏನೂ ಬರೆಯದಿದ್ದರೆ ಬ್ರೌಸರ್ ಎಚ್ಆರ್ ಅನ್ನು ಒಳಗೆ ಏನೂ ಇಲ್ಲದ ಒಂದು ಪೆಟ್ಟಿಗೆಯಾಗಿ ಚಿತ್ರಿಸುತ್ತದೆ. ಆ ಪೆಟ್ಟಿಗೆಯ ನಾಲ್ಕೂ ಬದಿಗೆ ಒಂದೊಂದು ಪಿಕ್ಸೆಲ್ ದಪ್ಪದ, ಒಳಕ್ಕೆ ತಗ್ಗಿದಂತೆ ತೋರುವ ಬೂದು ಅಂಚು ಇರುತ್ತದೆ. ಒಳಗಿನ ಎತ್ತರ ಸೊನ್ನೆಯಾದ್ದರಿಂದ ಮೇಲಿನ ಅಂಚೂ ಕೆಳಗಿನ ಅಂಚೂ ಒಂದಕ್ಕೊಂದು ಅಂಟಿಕೊಂಡು, ನಮ್ಮ ಕಣ್ಣಿಗೆ ಒಂದೇ ಗೆರೆಯಂತೆ ಕಾಣುತ್ತವೆ. ಪಿಡಿಎಫ್ ಅನ್ನು ಹಿಗ್ಗಿಸಿ ನೋಡಿದಾಗ ಗೆರೆ ಎರಡು ಛಾಯೆಯ ಜೋಡಿಗೆರೆಯಾಗಿ ಕಾಣುವುದಕ್ಕೂ, ಕಪ್ಪು ಗೆರೆ ಬೇಕೆಂದು ಎತ್ತರ ಒಂದು ಪಿಕ್ಸೆಲ್, ಹಿನ್ನೆಲೆ ಕಪ್ಪು ಎಂದು ಬರೆದಾಗ ನಡುವೆ ಕಪ್ಪು, ಮೇಲೆ ಕೆಳಗೆ ಬೂದು ಎಂಬ ಮೂರು ಪಟ್ಟೆ ಬೀಳುವುದಕ್ಕೂ ಇದೇ ಕಾರಣ.

ಪರಿಹಾರ ಸರಳವಾಗಿದೆ. ಮೊದಲು ನಾಲ್ಕೂ ಬದಿಯ ಬಾರ್ಡರ್ ಅನ್ನು ಸೊನ್ನೆ ಮಾಡಬೇಕು. ಬಳಿಕ ಬಾರ್ಡರ್-ಟಾಪ್, ಅಂದರೆ ಮೇಲಿನ ಅಂಚಿಗೆ ಮಾತ್ರ, 0.75 ಪಾಯಿಂಟ್ ದಪ್ಪ, ಸಾಲಿಡ್ (ಅಖಂಡ ಗೆರೆ), ಕಪ್ಪು ಎಂದು ಬರೆಯಬೇಕು. ಮೇಲೆ ಕೆಳಗೆ ಬಿಡಬೇಕಾದ ಜಾಗವನ್ನೂ ಮಾರ್ಜಿನ್ ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು, ಏಕೆಂದರೆ ಅದನ್ನು ಬರೆಯದಿದ್ದರೆ ಪ್ರತಿ ಪರಿವರ್ತಕ ತನ್ನದೇ ಅಂತರವನ್ನು ಹಾಕಿಕೊಳ್ಳಬಹುದು.

ಜಾವಾದಲ್ಲಿ ಬರೆದ ಫ್ಲೈಯಿಂಗ್ ಸಾಸರ್‌ನಂತಹ ಕೆಲವು ಪರಿವರ್ತಕಗಳು ಎಕ್ಸ್ಎಂಎಲ್ ಎಂಬ, ತೆರೆದ ಪ್ರತಿ ಟ್ಯಾಗನ್ನೂ ಮುಚ್ಚಲೇಬೇಕಾದ ಕಟ್ಟುನಿಟ್ಟಿನ ಬರವಣಿಗೆಯನ್ನು ಮಾತ್ರ ಒಪ್ಪುತ್ತವೆ. ಅಲ್ಲಿ ಎಚ್ಆರ್ ಟ್ಯಾಗಿನ ಕೊನೆಗೆ ಮುಚ್ಚುವ ಓರೆಗೆರೆ ಇಲ್ಲದಿದ್ದರೆ ಇಡೀ ಕಡತವೇ ತಯಾರಾಗದೆ ದೋಷ ಬರುತ್ತದೆ.

ಗೆರೆ ಪೂರ್ತಿ ಮಾಯವಾಗುವ ಮೂರು ಸಂದರ್ಭ

ಅತ್ಯಂತ ಸಾಮಾನ್ಯ ಕಾರಣ ಹಿನ್ನೆಲೆ ಬಣ್ಣ. ಒಂದು ಪಿಕ್ಸೆಲ್ ಎತ್ತರದ ಖಾಲಿ ಪೆಟ್ಟಿಗೆಗೆ ಕಪ್ಪು ಹಿನ್ನೆಲೆ ಕೊಟ್ಟು ಗೆರೆ ಮಾಡುವ ಅಭ್ಯಾಸ ವೆಬ್ ವಿನ್ಯಾಸಕಾರರಲ್ಲಿದೆ, ಮತ್ತು ಪರದೆಯ ಮೇಲೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕ್ರೋಮ್ ಬ್ರೌಸರ್ ಮುದ್ರಿಸುವಾಗ, ಶಾಯಿ ಉಳಿಸುವ ಉದ್ದೇಶದಿಂದ, ಹಿನ್ನೆಲೆ ಬಣ್ಣಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಕ್ರೋಮ್ ಅನ್ನು ತೆರೆಮರೆಯಲ್ಲಿ ನಡೆಸಿ ಪಿಡಿಎಫ್ ಮಾಡುವ ಪಪೆಟಿಯರ್ ಎಂಬ ಸಾಧನದಲ್ಲೂ ಹಿನ್ನೆಲೆ ಮುದ್ರಣ ಮೊದಲಿಗೆ ನಿಂತಿರುತ್ತದೆ; ಬೇಕೆಂದು ಹೇಳಿದರೆ ಮಾತ್ರ ಅದು ಮುದ್ರಿಸುತ್ತದೆ. ಬಾರ್ಡರ್ ಎಂಬುದು ಹಿನ್ನೆಲೆಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದು ಎರಡೂ ಕಡೆ ಉಳಿಯುತ್ತದೆ. ವೀಸಿಪ್ರಿಂಟ್, ಡೊಮ್‌ಪಿಡಿಎಫ್ ಮುಂತಾದ ಪರಿವರ್ತಕಗಳು ಹಿನ್ನೆಲೆಯನ್ನೂ ಚಿತ್ರಿಸುತ್ತವೆ. ಆದರೂ ಒಂದೇ ನಮೂನೆಯನ್ನು ನಾಳೆ ಬೇರೆ ಸಾಧನದಲ್ಲಿ ಬಳಸಬೇಕಾಗಬಹುದಾದ್ದರಿಂದ, ಗೆರೆಯನ್ನು ಬಾರ್ಡರ್‌ನಿಂದ ಮಾಡುವುದೇ ಭದ್ರವಾದ ದಾರಿ.

ಎರಡನೆಯ ಸಂದರ್ಭ, ಪುಟದ ವಸ್ತುಗಳನ್ನು ಸಾಲಾಗಿ ಹೊಂದಿಸುವ ಸಿಎಸ್ಎಸ್‌ನ ಫ್ಲೆಕ್ಸ್ ಜೋಡಣೆಯದು. ಎಚ್ಆರ್‌ಗೆ ಎಡಬಲದ ಮಾರ್ಜಿನ್ ‘ಆಟೋ’ ಎಂದು ಮೊದಲೇ ನಿಗದಿಯಾಗಿರುತ್ತದೆ. ವಸ್ತುಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸುವ ಫ್ಲೆಕ್ಸ್ ಪೆಟ್ಟಿಗೆಯೊಳಗೆ ಇಂಥ ಮಾರ್ಜಿನ್ ಇದ್ದ ವಸ್ತು ಅಗಲಕ್ಕೆ ಹಿಗ್ಗುವುದಿಲ್ಲ. ಒಳಗೆ ಏನೂ ಇಲ್ಲದ ಎಚ್ಆರ್ ಬಹುತೇಕ ಸೊನ್ನೆ ಅಗಲಕ್ಕೆ ಕುಗ್ಗಿ ಚುಕ್ಕಿಯಾಗುತ್ತದೆ. ಅಗಲ ನೂರು ಶೇಕಡಾ ಎಂದು ಬರೆದರೆ ಸರಿಹೋಗುತ್ತದೆ. ಡೊಮ್‌ಪಿಡಿಎಫ್‌ಗೆ ಫ್ಲೆಕ್ಸ್ ತಿಳಿಯದು. 2023ರ ಆರಂಭದಲ್ಲಿ ಅಭಿವೃದ್ಧಿ ನಿಲ್ಲಿಸಿದ ಪರಿವರ್ತಕವಾದ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ನಿನ ಹಳೆಯ ಆವೃತ್ತಿಯ ಮೇಲೆ ನಿಂತಿರುವುದರಿಂದ ಹೊಸ ಜೋಡಣೆಗಳು ಅದಕ್ಕೂ ಒಗ್ಗುವುದಿಲ್ಲ. ಬಿಲ್ಲಿನಂಥ ಸರಳ ಕಾಗದಕ್ಕೆ ಹಳೆಯ ಕೋಷ್ಟಕದ ಜೋಡಣೆಯೇ ಸಾಕು.

ಮೂರನೆಯದು ಗೆರೆ ಇದ್ದೂ ಕಾಣದಿರುವುದು. ಅದು ದಪ್ಪದ ಪ್ರಶ್ನೆ, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಪಿಕ್ಸೆಲ್, ಪಾಯಿಂಟ್ ಮತ್ತು ಫೋನಿನ ಪರದೆ

ಸಿಎಸ್ಎಸ್‌ನ ಒಂದು ಪಿಕ್ಸೆಲ್ ಎಂದರೆ ಕಾಗದದ ಮೇಲೆ ಒಂದು ಇಂಚಿನ 96ನೇ ಒಂದು ಭಾಗ. ಪಾಯಿಂಟ್ ಲೆಕ್ಕದಲ್ಲಿ ಅದು 0.75, ಮಿಲಿಮೀಟರಿನಲ್ಲಿ ಸುಮಾರು 0.26. ಒಂದು ಇಂಚಿಗೆ 600 ಚುಕ್ಕಿ ಹಾಕುವ ಲೇಸರ್ ಪ್ರಿಂಟರಿನಲ್ಲಿ ಈ ಗೆರೆ ಸುಮಾರು ಆರು ಚುಕ್ಕಿಯಷ್ಟು ದಪ್ಪ ಬೀಳುವುದರಿಂದ ಕಾಗದದ ಮೇಲೆ ಸ್ಪಷ್ಟವಾಗಿರುತ್ತದೆ. ತೊಂದರೆ ಕಾಣುವುದು ಹೆಚ್ಚಾಗಿ ಪರದೆಯಲ್ಲಿ, ಅದರಲ್ಲೂ ಫೋನಿನಲ್ಲಿ.

210 ಮಿಲಿಮೀಟರ್ ಅಗಲದ ಎ4 ಹಾಳೆಯನ್ನು 70 ಮಿಲಿಮೀಟರ್ ಅಗಲದ ಫೋನಿನ ಪರದೆಗೆ ಹೊಂದಿಸಿದಾಗ ಎಲ್ಲವೂ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಇಂಚಿಗೆ 400 ಚುಕ್ಕಿಗಳಿರುವ ಪರದೆಯಲ್ಲಿ 0.75 ಪಾಯಿಂಟ್ ಗೆರೆಗೆ ಆಗ ಸಿಗುವುದು ಸುಮಾರು 1.4 ಚುಕ್ಕಿಯಷ್ಟು ಜಾಗ, 0.25 ಪಾಯಿಂಟ್ ಗೆರೆಗೆ ಅರ್ಧ ಚುಕ್ಕಿಗಿಂತಲೂ ಕಡಿಮೆ. ಅರ್ಧ ಚುಕ್ಕಿಯನ್ನು ಬೆಳಗಿಸಲು ಪರದೆಗೆ ಸಾಧ್ಯವಿಲ್ಲದ್ದರಿಂದ ತಂತ್ರಾಂಶವು ಪೂರ್ತಿ ಚುಕ್ಕಿಯನ್ನೇ ತಿಳಿ ಬೂದಾಗಿ ತೋರಿಸುತ್ತದೆ, ಅಥವಾ ಗೆರೆಯನ್ನು ಬಿಟ್ಟೇಬಿಡುತ್ತದೆ.

ಒಂದೇ ದಪ್ಪ ಕೊಟ್ಟ ಎರಡು ಗೆರೆಗಳು ಪರದೆಯಲ್ಲಿ ಬೇರೆ ಬೇರೆಯಾಗಿ ಕಾಣುವುದಕ್ಕೂ ಮೂಲ ಇಲ್ಲಿಯೇ ಇದೆ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಇಡುವಾಗ ಚುಕ್ಕಿಗಳ ಸಾಲಿನ ಮೇಲೇ ಎಳೆದ ಎಳೆ ಖಚಿತವಾಗಿ ಕೂರುತ್ತದೆ. ಎರಡು ಸಾಲುಗಳ ನಡುವೆ ಎಳೆದದ್ದು ಯಾವ ಸಾಲಿಗೂ ಸೇರುವುದಿಲ್ಲ. ಪರದೆಯೂ ಚುಕ್ಕಿಗಳ ಸಾಲೇ. ಒಂದು ಗೆರೆ ಚುಕ್ಕಿಸಾಲಿನ ಮೇಲೆ ಸರಿಯಾಗಿ ಬಿದ್ದರೆ ಗಾಢ ಕಪ್ಪಾಗಿ ತೆಳ್ಳಗೆ ಕಾಣುತ್ತದೆ. ಇನ್ನೊಂದು ಎರಡು ಸಾಲುಗಳ ನಡುವೆ ಬಿದ್ದರೆ ಎರಡೂ ಸಾಲುಗಳು ಅರೆಬರೆ ಬಣ್ಣ ತಳೆದು, ಗೆರೆ ದಪ್ಪಗೆ, ಮಂಕಾಗಿ ಕಾಣುತ್ತದೆ. ಕಡತದಲ್ಲಿ ತಪ್ಪೇನೂ ಇರುವುದಿಲ್ಲ. 400 ಶೇಕಡಾಕ್ಕೆ ಹಿಗ್ಗಿಸಿ ನೋಡಿದಾಗ ಎರಡೂ ಸಮನಾಗಿ ಕಂಡರೆ ಅದು ಪರದೆಯ ಮಿತಿಯೆಂದು ತಿಳಿಯಬಹುದು. ಅಡೋಬಿ ಅಕ್ರೊಬ್ಯಾಟ್ ರೀಡರಿನಲ್ಲಿ ತೆಳು ಗೆರೆಗಳನ್ನು ಎದ್ದು ಕಾಣುವಂತೆ ಮಾಡುವ ಆಯ್ಕೆಯೂ ಇರುವುದರಿಂದ, ಒಂದೇ ಕಡತ ಅದರಲ್ಲಿ ಒಂದು ರೀತಿ, ಫೋನಿನ ಇನ್ನೊಂದು ಆ್ಯಪಿನಲ್ಲಿ ಮತ್ತೊಂದು ರೀತಿ ಕಂಡರೆ ಅಚ್ಚರಿಯಿಲ್ಲ.

ಇದರ ಜೊತೆಗೆ ಪರಿವರ್ತಕ ತಾನಾಗಿಯೇ ಮಾಡುವ ಕುಗ್ಗಿಸುವಿಕೆಯೂ ಸೇರಿಕೊಳ್ಳುತ್ತದೆ. ಕೋಷ್ಟಕ ಹಾಳೆಗಿಂತ ಅಗಲವಾಗಿದ್ದರೆ ಕ್ರೋಮ್ ಇಡೀ ಪುಟವನ್ನು ಕುಗ್ಗಿಸಿ ಹೊಂದಿಸಲು ನೋಡುತ್ತದೆ; ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್‌ನಲ್ಲಿ ಇದಕ್ಕೆಂದೇ ಒಂದು ಗುಣವಿದ್ದು, ಬೇಡವಾದರೆ ನಿಲ್ಲಿಸಬಹುದು. ಅಕ್ಷರ ಕುಗ್ಗಿದ್ದು ಕಣ್ಣಿಗೆ ಬೀಳುತ್ತದೆ, ಆದರೆ ಗೆರೆಯೂ ಅಷ್ಟೇ ಪಾಲು ತೆಳುವಾಗಿದೆ ಎಂಬುದು ಗಮನಕ್ಕೆ ಬರುವುದಿಲ್ಲ.

ಗೆರೆಯ ದಪ್ಪವನ್ನು ಸೊನ್ನೆ ಎಂದು ಬರೆಯಲು ಪಿಡಿಎಫ್‌ನಲ್ಲಿ ಅವಕಾಶವಿದೆ. ಆ ಸಾಧನದಲ್ಲಿ ಸಾಧ್ಯವಾದಷ್ಟು ತೆಳುವಾದ ಗೆರೆ ಎಂದು ಅದರರ್ಥ. ಪರದೆಯಲ್ಲಿ ಚೆನ್ನಾಗಿ ಕಾಣುವ ಅದು ಪ್ರೆಸ್ಸಿನ ಸೂಕ್ಷ್ಮ ಯಂತ್ರದಲ್ಲಿ ಕೂದಲೆಳೆಗಿಂತ ತೆಳ್ಳಗಾಗಿ ಕಾಣದೇ ಹೋಗಬಹುದು. ಅರ್ಧ ಪಾಯಿಂಟಿನಿಂದ ಒಂದು ಪಾಯಿಂಟಿನ ನಡುವಿನ ದಪ್ಪ ಬಿಲ್ಲು, ಪಟ್ಟಿ, ಅರ್ಜಿಗಳಿಗೆ ಸರಿಯಾದುದು. ಬಣ್ಣ ಪೂರ್ತಿ ಕಪ್ಪಾಗಿರಲಿ. ತಿಳಿ ಬೂದು ಗೆರೆ ಜೆರಾಕ್ಸ್ ಮಾಡಿದಾಗ ಮೊದಲು ಅಳಿಯುತ್ತದೆ.

ಮೊತ್ತದ ಮೇಲಿನ ಗೆರೆ

ಪಟ್ಟಿಯ ಕೊನೆಯ ಬಾಬಿಗೂ ಒಟ್ಟು ಮೊತ್ತಕ್ಕೂ ನಡುವೆ ಗೆರೆ ಬೇಕೆಂದು ಕೋಷ್ಟಕದ ಎರಡು ಸಾಲುಗಳ ಮಧ್ಯೆ ಎಚ್ಆರ್ ಟ್ಯಾಗ್ ಇಟ್ಟರೆ, ಗೆರೆ ಅಲ್ಲಿ ಬೀಳದೆ ಕೋಷ್ಟಕದ ತಲೆಯ ಮೇಲೆ ಹೋಗಿ ಕೂರುತ್ತದೆ. ಇದು ದೋಷವಲ್ಲ, ಎಚ್‌ಟಿಎಂಎಲ್‌ನ ನಿಯಮ. ಕೋಷ್ಟಕದ ಸಾಲುಗಳ ನಡುವೆ ನೇರವಾಗಿ ಇರಬಾರದ ಟ್ಯಾಗ್ ಸಿಕ್ಕಿದರೆ ಅದನ್ನು ಕೋಷ್ಟಕದ ಹೊರಗೆ, ಅದಕ್ಕಿಂತ ಮುಂಚೆ ಇಡಬೇಕೆಂದು ಬ್ರೌಸರಿಗೆ ಹೇಳಲಾಗಿದೆ.

ಕೋಷ್ಟಕದಲ್ಲಿ ಗೆರೆ ಹಾಕುವ ಸರಿಯಾದ ದಾರಿ ಕೋಶಗಳ, ಅಂದರೆ ಕೋಷ್ಟಕದ ಮನೆಗಳ, ಅಂಚು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೋಷ್ಟಕದ ಅಂಚುಗಳಿಗೆ ಬೇರೆ ಬೇರೆ, ಕೂಡಿಸಿದ ಎಂಬ ಎರಡು ವಿಧಾನಗಳಿವೆ. ಏನೂ ಹೇಳದಿದ್ದರೆ ಜಾರಿಯಲ್ಲಿರುವುದು ಬೇರೆ ಬೇರೆ ವಿಧಾನ. ಅದರಲ್ಲಿ ಇಡೀ ಸಾಲಿಗೆ ಕೊಟ್ಟ ಬಾರ್ಡರ್ ಚಿತ್ರಿತವೇ ಆಗುವುದಿಲ್ಲ. ಪ್ರತಿ ಕೋಶಕ್ಕೂ ಬಾರ್ಡರ್-ಟಾಪ್ ಕೊಟ್ಟರೆ ಗೆರೆ ಬೀಳುತ್ತದೆ, ಆದರೆ ಕೋಶಗಳ ನಡುವೆ ಎರಡು ಪಿಕ್ಸೆಲ್ ಅಂತರ ಇರುವುದರಿಂದ ಅಲ್ಲಲ್ಲಿ ತುಂಡಾಗಿ ಕಾಣುತ್ತದೆ. ಇಡೀ ಕೋಷ್ಟಕಕ್ಕೆ ಬಾರ್ಡರ್-ಕೊಲ್ಯಾಪ್ಸ್ ಎಂಬ ಗುಣವನ್ನು ಕೊಲ್ಯಾಪ್ಸ್ ಎಂದು ಬರೆದರೆ ಅಂಚುಗಳು ಕೂಡಿಕೊಂಡು ಗೆರೆ ಅಖಂಡವಾಗುತ್ತದೆ. ಬಿಲ್ಲಿನ ಗೆರೆಗೆ ಸಂಬಂಧಿಸಿದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದೇ ಆಗಬೇಕು.

ಮೊತ್ತದ ಮೇಲೆ ಒಂಟಿ ಗೆರೆ, ಕೆಳಗೆ ಜೋಡಿ ಗೆರೆ ಎಳೆಯುವುದು ಲೆಕ್ಕಪತ್ರದ ರೂಢಿ. ಜೋಡಿ ಗೆರೆಗೆ ಸಿಎಸ್ಎಸ್‌ನಲ್ಲಿ ಡಬಲ್ ಎಂಬ ಶೈಲಿಯಿದೆ. ಅದಕ್ಕೆ ಕೊಡುವ ದಪ್ಪದಲ್ಲಿ ಎರಡು ಗೆರೆಗಳೂ ನಡುವಿನ ಖಾಲಿ ಜಾಗವೂ ಸೇರಬೇಕಾದ್ದರಿಂದ ಕನಿಷ್ಠ ಮೂರು ಪಿಕ್ಸೆಲ್, ಅಂದರೆ 2.25 ಪಾಯಿಂಟ್, ಬೇಕು. ಕಡಿಮೆಯಾದರೆ ಎರಡು ಗೆರೆ ಒಂದಾಗಿಬಿಡುತ್ತದೆ.

ಸಹಿಯ ಜಾಗಕ್ಕೆ ಅಡಿಗೀಟುಗಳನ್ನು ಸಾಲಾಗಿ ಒತ್ತಿ ಗೆರೆ ಮಾಡುವುದು ಹಲವರ ರೂಢಿ. ಆ ಗೆರೆಯ ಉದ್ದ ಫಾಂಟನ್ನು ಅವಲಂಬಿಸಿರುವುದರಿಂದ ಪಿಡಿಎಫ್‌ನಲ್ಲಿ ಫಾಂಟು ಬದಲಾದರೆ ಗೆರೆ ಚಿಕ್ಕದಾಗುತ್ತದೆ ಅಥವಾ ಮುಂದಿನ ಸಾಲಿಗೆ ಮುರಿದು ಬೀಳುತ್ತದೆ. 60 ಮಿಲಿಮೀಟರ್ ಅಗಲದ ಖಾಲಿ ಪೆಟ್ಟಿಗೆಗೆ ಕೆಳಗಿನ ಅಂಚು ಕೊಟ್ಟರೆ ಸಾಕು.

ಪುಟ ಮುಗಿದಲ್ಲಿ ಏನಾಗುತ್ತದೆ

ವೆಬ್ ಪುಟಕ್ಕೆ ಕೊನೆಯೆಂಬುದಿಲ್ಲ, ಹಾಳೆಗೆ ಇದೆ. ಸುತ್ತ ಅಂಚಿರುವ ಪೆಟ್ಟಿಗೆ ಎರಡು ಪುಟಗಳಿಗೆ ಹಂಚಿಹೋದಾಗ ಮೊದಲ ಪುಟದ ಕೆಳಗೆ ಗೆರೆ ಬೀಳದೆ ಪೆಟ್ಟಿಗೆ ತೆರೆದಂತೆ ಉಳಿಯುತ್ತದೆ. ಬಾಕ್ಸ್-ಡೆಕೊರೇಷನ್-ಬ್ರೇಕ್ ಎಂಬ ಗುಣಕ್ಕೆ ಕ್ಲೋನ್ ಎಂಬ ಬೆಲೆ ಕೊಟ್ಟರೆ, ಅದನ್ನು ಬಲ್ಲ ಪರಿವರ್ತಕಗಳಲ್ಲಿ ಎರಡೂ ತುಂಡುಗಳಿಗೆ ಪೂರ್ಣ ಅಂಚು ಬರುತ್ತದೆ. ಮೊತ್ತದ ಸಾಲು ಒಂದೇ ಮುಂದಿನ ಪುಟಕ್ಕೆ ಜಾರಿ, ಅದರ ಮೇಲಿನ ಗೆರೆ ಹಾಳೆಯ ತುದಿಯಲ್ಲಿ ಒಂಟಿಯಾಗಿ ಕಾಣುವುದನ್ನು ತಪ್ಪಿಸಲು ಆ ಸಾಲಿನ ಮುಂಚೆ ಪುಟ ಮುರಿಯಬಾರದೆಂದು ಸೂಚಿಸಬೇಕು. ಮೊತ್ತವನ್ನು ಕೋಷ್ಟಕದ ಅಡಿಭಾಗವೆಂಬ ಟ್ಯಾಗಿನೊಳಗೆ ಇಟ್ಟರೆ ಕೆಲವು ಪರಿವರ್ತಕಗಳು ಗೆರೆಯ ಸಮೇತ ಅದನ್ನು ಪ್ರತಿ ಪುಟದಲ್ಲೂ ಮತ್ತೆ ಮುದ್ರಿಸುತ್ತವೆ. ಐವತ್ತು ಬಾಬುಗಳ ಪಟ್ಟಿಯಲ್ಲಿ ಇದು ಓದುವವರನ್ನು ದಾರಿ ತಪ್ಪಿಸುತ್ತದೆ.

ಕನ್ನಡ ಅಕ್ಷರದ ಕೆಳಗಿನ ಗೆರೆ

ಇಂಗ್ಲಿಷ್ ನಮೂನೆಯನ್ನು ಹಾಗೆಯೇ ಕನ್ನಡಕ್ಕೆ ತಂದಾಗ ಮೊದಲು ಕೆಡುವುದು ಅಕ್ಷರದಡಿಯ ಗೆರೆ. ಅಂಡರ್‌ಲೈನ್ ಎಂಬ ಸೌಲಭ್ಯ ಗೆರೆಯನ್ನು ಅಕ್ಷರಗಳು ಕೂರುವ ಸಾಲಿಗೆ ತೀರ ಹತ್ತಿರ ಎಳೆಯುತ್ತದೆ, ಆದರೆ ನಮ್ಮ ಒತ್ತಕ್ಷರಗಳಿರುವುದೇ ಆ ಜಾಗದಲ್ಲಿ. ಒಟ್ಟು, ಮೊತ್ತ, ಲೆಕ್ಕ, ತಾಲ್ಲೂಕು, ಗುಬ್ಬಿ, ಚಿಕ್ಕನಾಯಕನಹಳ್ಳಿ ಎಂದು ಬರೆದು ಅಂಡರ್‌ಲೈನ್ ಕೊಟ್ಟರೆ ಕೆಲವು ಪರಿವರ್ತಕಗಳಲ್ಲಿ ಗೆರೆ ಒತ್ತಕ್ಷರವನ್ನು ಸೀಳಿಕೊಂಡು ಹೋಗುತ್ತದೆ. ಹೊಸ ಬ್ರೌಸರುಗಳು ಅಕ್ಷರ ಬಂದಲ್ಲಿ ಗೆರೆಯನ್ನು ಬಿಟ್ಟು ಮುಂದೆ ಎಳೆಯುವುದರಿಂದ ಅದು ತುಂಡುತುಂಡಾಗುತ್ತದೆ. ಎರಡೂ ಓದಿಗೆ ಅಡ್ಡಿ. ಶೀರ್ಷಿಕೆಗೆ ಅಂಡರ್‌ಲೈನ್ ಬದಲು ಬಾರ್ಡರ್-ಬಾಟಮ್ ಕೊಟ್ಟು, ಅಕ್ಷರಕ್ಕೂ ಗೆರೆಗೂ ನಡುವೆ ಮೂರು ನಾಲ್ಕು ಪಾಯಿಂಟ್ ಪ್ಯಾಡಿಂಗ್ ಬಿಡುವುದು ಸರಿಯಾದ ಕ್ರಮ. ಕೋಷ್ಟಕದ ಕೋಶಗಳಲ್ಲೂ ಕೆಳಗಿನ ಪ್ಯಾಡಿಂಗ್ ಮೇಲಿನದಕ್ಕಿಂತ ತುಸು ಹೆಚ್ಚಿರಲಿ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟರೆ ಒತ್ತುಗಳು ಗೆರೆಗೆ ತಾಗುವುದಿಲ್ಲ.

ಓದಿ ಹೇಳುವ ತಂತ್ರಾಂಶ ಗೆರೆಯನ್ನು ಹೇಗೆ ಕೇಳಿಸುತ್ತದೆ

ದೃಷ್ಟಿದೋಷವುಳ್ಳವರು ಪಿಡಿಎಫ್ ಅನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೇಳುತ್ತಾರೆ. ಅಡಿಗೀಟುಗಳನ್ನು ಸಾಲಾಗಿ ಒತ್ತಿ ಮಾಡಿದ ಗೆರೆ ಪಿಡಿಎಫ್‌ನಲ್ಲಿ ಅಕ್ಷರಗಳಾಗಿಯೇ ಉಳಿಯುವುದರಿಂದ, ಆ ತಂತ್ರಾಂಶ ಒಂದೊಂದು ಗೀಟಿನ ಹೆಸರನ್ನೂ ಉಚ್ಚರಿಸುತ್ತಾ ಹೋಗಬಹುದು. ಬಾರ್ಡರ್‌ನಿಂದ ಬಂದ ಗೆರೆ ಅಕ್ಷರವಲ್ಲ. ಟ್ಯಾಗ್ ಸಹಿತವಾದ ಪಿಡಿಎಫ್‌ನಲ್ಲಿ ಅದನ್ನು ಅಲಂಕಾರವೆಂದು ಗುರುತಿಸಿ ಓದಿನಿಂದ ಹೊರಗಿಡುವ ವ್ಯವಸ್ಥೆಯಿದೆ. ಅಂಥ ಕೇಳುಗರಿಗೆ ಗೆರೆ ಸಿಗುವುದಿಲ್ಲವಾದ್ದರಿಂದ ಗೆರೆಯ ಕೆಳಗಿನ ಅಂಕಿಯ ಪಕ್ಕದಲ್ಲಿ ‘ಒಟ್ಟು’ ಎಂಬ ಪದವನ್ನು ಬರೆದೇ ಇರಬೇಕು.